ಮಾಸ್ ನದಿಯ ದಂಡೆಯ ನ್ಯೂಯಾರ್ಕ್

ಹಾಲೆಂಡಿನ ರಾಟರ್‌ಡ್ಯಾಮ್ ನಗರವನ್ನು ಎರಡಾಗಿ ವಿಭಾಗಿಸಿ ಉತ್ತರ ಸಮುದ್ರದ ಕಡೆಗೆ ಹರಿಯುವ ಮಾಸ್ ನದಿಯ ದಕ್ಷಿಣ ದಡದಲ್ಲಿ, ಒಂದು ಮಗ್ಗುಲಿಗೆ ನದಿಯನ್ನೂ ಇನ್ನೊಂದು ಮಗ್ಗುಲಿಗೆ ರೈನ್‌ಹಾವನ್ ಎಂಬ ಹಳೆಯ ಹಡಗುದಾಣವನ್ನೂ ಇರಿಸಿಕೊಂಡು ನೀರಿನೊಳಕ್ಕೆ ನೀಳವಾಗಿ ಚಾಚಿರುವ ವಿಲ್ಹೆಲ್ಮಿನಾ ಕಟ್ಟೆಯ ತುತ್ತತುದಿಯಲ್ಲಿ, ತಾಮ್ರದ ಹೊದಿಕೆ ಹಸುರುಗಟ್ಟಿದ ಎರಡು ಗೋಪುರಗಳುಳ್ಳ ಪುರಾತನ ಕಟ್ಟಡವೊಂದು ನಿಂತಿದೆ. ನಾರ್ಮನ್ ಫಾಸ್ಟರ್ ಅವರ ವಾಸ್ತುರಚನೆಯಾದ ವರ್ಲ್ಡ್ ಪೋರ್ಟ್ ಸೆಂಟರೂ 2005ರಲ್ಲಿ ಪೂರ್ಣಗೊಂಡ ಮಾಂಟೆವಿಡಿಯೊ ಎಂಬ ವಸತಿಸೌಧವೂ ನೂರು ಮೀಟರಿಗೂ ಮಿಕ್ಕಿದ ಎತ್ತರದಿಂದ ಅದನ್ನು ಎರಡು ಕಡೆಯಿಂದಲೂ ಆವರಿಸಿಕೊಂಡಿದ್ದರೂ, ನದಿಯನ್ನು ದಾಟಿ ಬರುವವನ ದೃಷ್ಟಿ ಮೊದಲು ಹೋಗಿ ನೆಲೆಸುವುದು ಆ ಗಿಡ್ಡನೆಯ ಹಿರಿಯ ಕಟ್ಟಡದ ಮೇಲೆಯೇ. ಇಂದು ಅದಕ್ಕೆ ಹೋಟೆಲ್ ನ್ಯೂಯಾರ್ಕ್ ಎಂದು ಹೆಸರು. ಆದರೆ ಅದನ್ನು ಕಟ್ಟಿಸಿದ ಹಾಲೆಂಡ್–ಅಮೆರಿಕ ಲೈನ್ ಎಂಬ ಹಡಗು ಕಂಪನಿಯ ಹೆಸರನ್ನು ಇಂದಿನ ಒಡೆಯರು ಮರೆಮಾಡದೆ ಗೋಡೆಯ ಮೇಲೆ ಹಾಗೆಯೇ ಉಳಿಸಿದ್ದಾರೆ. ಈ ಎರಡು ಹೆಸರುಗಳ ನಡುವೆ ಒಂದು ಬಂದರಿನ ಏಳುಬೀಳುಗಳೂ, ಊರು ಬಿಟ್ಟು ಹೋದ ಲಕ್ಷಾಂತರ ಬಡವರ ಬಾಳೂ ಅಡಗಿವೆಯಾದುದರಿಂದ, ಅಲ್ಲಿ ತಂಗುವುದೆಂದರೆ ಕೇವಲ ಹಾಸಿಗೆ ಊಟಗಳ ವಿಷಯವಾಗಿ ಉಳಿಯುವುದಿಲ್ಲ.

ರಾಟರ್‌ಡ್ಯಾಮ್ ಪ್ರಾಚೀನ ಬಂದರೇ ಆಗಿದ್ದರೂ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ನದೀಮುಖಗಳಲ್ಲಿ ಹೂಳು ತುಂಬಿ, ದೊಡ್ಡ ಹಡಗುಗಳು ಸುತ್ತುದಾರಿಗಳನ್ನು ಹಿಡಿದು ಬರಬೇಕಾಗಿತ್ತು. ಪೀಟರ್ ಕಾಲಂಡ್ ಎಂಬ ಎಂಜಿನಿಯರನ ಯೋಜನೆಯಂತೆ ಕಡಲತೀರದ ಮರಳುದಿಬ್ಬಗಳನ್ನು ಕಡಿದು ನದಿಗೆ ಸಮುದ್ರದವರೆಗೆ ನೇರವಾದ ಹೊಸ ಪಾತ್ರವೊಂದನ್ನು ತೋಡಿದರು. ಆ ಜಲಮಾರ್ಗ ಸಂಚಾರಕ್ಕೆ ತೆರೆದದ್ದು 1872ರಲ್ಲಿ. ಅದೇ ವರ್ಷದ ಅಕ್ಟೋಬರ್ 15ರಂದು ‘ರಾಟರ್‌ಡ್ಯಾಮ್’ ಎಂಬ ಉಗಿಹಡಗು ನ್ಯೂಯಾರ್ಕಿಗೆ ತನ್ನ ಮೊದಲ ಪಯಣವನ್ನು ಕೈಕೊಂಡಿತು. ಮರುವರ್ಷ, ಎಂದರೆ 1873ರಲ್ಲಿ, ಆ ಹಡಗನ್ನು ನಡೆಸುತ್ತಿದ್ದವರು ಷೇರುದಾರರ ಕಂಪನಿಯೊಂದನ್ನು ವಿಧಿವತ್ತಾಗಿ ಸ್ಥಾಪಿಸಿದರು. ಜನರ ಬಾಯಲ್ಲಿ ಬಳಕೆಯಾಗಿದ್ದ ಹಾಲೆಂಡ್–ಅಮೆರಿಕ ಲೈನ್ ಎಂಬುದೇ 1896ರಲ್ಲಿ ಅದರ ಅಧಿಕೃತ ನಾಮವೂ ಆಯಿತು. ನದಿಗೆ ದಾರಿ ಸಿಕ್ಕಿದ ವರ್ಷವೇ ಹಡಗಿಗೂ ದಾರಿ ಸಿಕ್ಕಿದ್ದು ಆಕಸ್ಮಿಕವಲ್ಲ. ಆ ಕಾಲುವೆಯಿಲ್ಲದೆ ಈ ಕಂಪನಿಯಿಲ್ಲ, ಈ ಕಂಪನಿಯಿಲ್ಲದೆ ನಾವು ಹೇಳಹೊರಟ ಮನೆಯೂ ಇಲ್ಲ.

ವ್ಯವಹಾರ ಬೆಳೆದಂತೆ ಕಂಪನಿಗೆ ತಕ್ಕ ಪ್ರಧಾನ ಕಛೇರಿ ಬೇಕಾಯಿತು. ಮುಲ್ಲರ್, ಡ್ರೋಗ್‌ಲೇವರ್ ಫೋರ್ಟೈನ್, ವಾನ್ ಡರ್ ಟಾಕ್ ಎಂಬ ವಾಸ್ತುಶಿಲ್ಪಿಗಳ ಕೈಯಲ್ಲಿ ಅದರ ಮೊದಲ ಭಾಗ 1901ರಲ್ಲಿ ಮೇಲೆದ್ದಿತು. ಮುಂದಿನ ಒಂದೂವರೆ ದಶಕದಲ್ಲಿ ಅದಕ್ಕೆ ಭಾಗಗಳು ಸೇರುತ್ತ ಹೋಗಿ ಇಂದು ಕಾಣುವ ರೂಪ ಬಂದಿತು. ಬಳ್ಳಿಯ ಬಾಗುಬಳುಕುಗಳನ್ನು ಕಬ್ಬಿಣ ಮರಗಳಲ್ಲಿ ಮೂಡಿಸಲು ಹವಣಿಸಿದ ಆ ಕಾಲದ ‘ಆರ್ಟ್ ನೂವೋ’ ಶೈಲಿ ಅದರ ಮೆಟ್ಟಿಲುಸಾಲಿನ ಕಟಾಂಜನದಲ್ಲಿಯೂ ಬಾಗಿಲು ಕಿಟಕಿಗಳ ಅಂಚಿನಲ್ಲಿಯೂ ಈಗಲೂ ಕಾಣುತ್ತದೆ. ನಿರ್ದೇಶಕರು ಮರದ ಹಲಗೆ ಹೊದಿಸಿದ ಗೋಡೆಗಳ ನಡುವೆ ಕುಳಿತು ಹಡಗುಗಳ ನಿರ್ಮಾಣ, ಕಲ್ಲಿದ್ದಲ ಖರೀದಿ, ಪ್ರಯಾಣದರ, ಲಾಭನಷ್ಟಗಳನ್ನು ಚರ್ಚಿಸುತ್ತಿದ್ದ ಆ ಕೊಠಡಿಗಳ ಕಿಟಕಿಯಿಂದಲೇ ಕೆಳಗೆ ಹಡಗುಕಟ್ಟೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಪ್ರಪಂಚವೂ ಕಾಣುತ್ತಿದ್ದಿರಬೇಕು.

ಆ ಪ್ರಪಂಚ ವಲಸೆಗಾರರದು. ರಷ್ಯ ಸಾಮ್ರಾಜ್ಯದಿಂದ, ಪೋಲೆಂಡಿನಿಂದ, ಆಸ್ಟ್ರಿಯ–ಹಂಗೆರಿಯ ಗ್ರಾಮಗಳಿಂದ, ದಾರಿದ್ರ್ಯಕ್ಕೋ ಧರ್ಮದ್ವೇಷಕ್ಕೋ ಸೈನ್ಯದ ಕಡ್ಡಾಯ ಸೇವೆಗೋ ಅಂಜಿ ಹೊರಟವರು ಜರ್ಮನಿಯನ್ನು ರೈಲಿನಲ್ಲಿ ದಾಟಿ ಈ ಬಂದರಿಗೆ ಬರುತ್ತಿದ್ದರು. ಅವರಲ್ಲಿ ಯೆಹೂದ್ಯರ ಸಂಖ್ಯೆ ದೊಡ್ಡದು. ಹಡಗು ಹೊರಡುವ ದಿನದವರೆಗೆ ಅವರನ್ನು ಇರಿಸಲು ಕಂಪನಿ ಸಮೀಪದಲ್ಲಿಯೇ ಬೇರೊಂದು ವಸತಿಗೃಹವನ್ನು ನಡೆಸುತ್ತಿತ್ತು. ಅದು ಬರಿಯ ಕರುಣೆಯಿಂದ ಆದ ಏರ್ಪಾಡಲ್ಲ. 1891ರ ಅಮೆರಿಕದ ಕಾನೂನಿನಂತೆ, ರೋಗವೇ ಮೊದಲಾದ ಕಾರಣಗಳಿಂದ ಅಲ್ಲಿ ತಿರಸ್ಕೃತನಾದ ಪ್ರಯಾಣಿಕನನ್ನು ಕರೆತಂದ ಹಡಗು ಕಂಪನಿಯೇ ತನ್ನ ಖರ್ಚಿನಲ್ಲಿ ಹಿಂದಕ್ಕೆ ಕರೆದೊಯ್ಯಬೇಕಾಗಿತ್ತು. ಆದುದರಿಂದ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ನಡೆಯತಕ್ಕ ಪರೀಕ್ಷೆಯ ಭಯ ರಾಟರ್‌ಡ್ಯಾಮಿನಲ್ಲಿಯೇ ಪ್ರಾರಂಭವಾಗುತ್ತಿತ್ತು: ಸ್ನಾನ, ಬಟ್ಟೆಬರೆಗಳ ಶುದ್ಧಿ, ವೈದ್ಯರ ತಪಾಸಣೆ, ಕಾಗದಪತ್ರಗಳ ಪರಿಶೀಲನೆ, ಇವೆಲ್ಲ ಮುಗಿದಮೇಲೆಯೇ ಹಡಗಿನ ಕೆಳ ಅಂತಸ್ತಿನಲ್ಲಿ ಒಂದು ಮಲಗುವ ಜಾಗ. ಮೇಲಿನ ಅಂತಸ್ತುಗಳಲ್ಲಿ ಸಿರಿವಂತರೂ ಪ್ರಸಿದ್ಧರೂ ಸಂಚರಿಸುತ್ತಿದ್ದರು. ಆಲ್ಬರ್ಟ್ ಐನ್‌ಸ್ಟೈನರು 1921ರ ಏಪ್ರಿಲಿನಲ್ಲಿ ಮೊಟ್ಟಮೊದಲು ಅಮೆರಿಕದ ನೆಲವನ್ನು ಮೆಟ್ಟಿದ್ದು ಇದೇ ಕಂಪನಿಯ ‘ರಾಟರ್‌ಡ್ಯಾಮ್’ ಎಂಬ ಹಡಗಿನಿಂದ ಇಳಿದು. ಆದರೆ ಕಂಪನಿಯ ಬೊಕ್ಕಸವನ್ನು ತುಂಬಿದವರು ಹೆಸರಿಲ್ಲದ ಆ ಕೆಳ ಅಂತಸ್ತಿನವರೇ ಎಂಬುದನ್ನು ಮರೆಯಲಾಗದು.

1924ರಲ್ಲಿ ಅಮೆರಿಕವು ವಲಸೆಗೆ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿದಮೇಲೆ ಆ ಪ್ರವಾಹ ಬತ್ತಿತು. ಕಂಪನಿ ವಿಹಾರಪ್ರಯಾಣಿಕರ ಕಡೆಗೆ ತಿರುಗಿ, 1938ರಲ್ಲಿ ‘ನ್ಯೂ ಆಮ್‌ಸ್ಟರ್‌ಡ್ಯಾಮ್’ ಎಂಬ ಸುಂದರವಾದ ಹಡಗನ್ನು ಸಂಚಾರಕ್ಕೆ ತಂದಿತು. ಒಡನೆಯೇ ಯುದ್ಧ ಬಂದಿತು. 1940ರ ಮೇ ತಿಂಗಳಲ್ಲಿ ಈ ಕಟ್ಟೆಯಲ್ಲಿ ಲಂಗರು ಹಾಕಿದ್ದ ‘ಸ್ಟಾಟನ್‌ಡ್ಯಾಮ್’ ಹಡಗು ಕಾದಾಟದ ನಡುವೆ ಹೊತ್ತಿಕೊಂಡು ದಿನಗಟ್ಟಲೆ ಉರಿಯಿತು. ಮೇ 14ರಂದು ಜರ್ಮನ್ ವಿಮಾನಗಳು ನಗರದ ಹೃದಯಭಾಗವನ್ನೇ ಸುಟ್ಟು ನೆಲಸಮ ಮಾಡಿದುವು. ಸುಮಾರು 80,000 ಜನ ಮನೆಯಿಲ್ಲದವರಾದರು. 1944ರಲ್ಲಿ ಸೋಲು ಸಮೀಪಿಸಿದಾಗ ಜರ್ಮನ್ ಸೈನ್ಯ ಬಂದರಿನ ಕಟ್ಟೆಗಳನ್ನೂ ಯಂತ್ರಗಳನ್ನೂ ಸಿಡಿಮದ್ದಿನಿಂದ ಹಾಳುಗೆಡವಿತು. ಇಷ್ಟರ ನಡುವೆಯೂ ಎರಡು ಗೋಪುರಗಳ ಈ ಕಛೇರಿ ಉಳಿದುಕೊಂಡಿತು. ಹಳೆಯ ಕಟ್ಟಡಗಳು ಹೇರಳವಾಗಿರುವ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಂಥ ಮನೆಯೊಂದು ಹತ್ತರಲ್ಲಿ ಹನ್ನೊಂದಾಗುತ್ತಿತ್ತೇನೋ. ಸರ್ವಸ್ವವನ್ನೂ ಕಳೆದುಕೊಂಡ ರಾಟರ್‌ಡ್ಯಾಮಿಗೆ ಅದು ಪೂರ್ವಸ್ಮೃತಿಯ ಆಧಾರವಾಯಿತು.

ಯುದ್ಧದಿಂದ ಉಳಿದ ಮನೆಯನ್ನು ಶಾಂತಿಕಾಲದ ಬದಲಾವಣೆಗಳು ಬರಿದುಮಾಡಿದುವು. ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಒಂದು ಹಗಲಿನೊಳಗೆ ದಾಟತೊಡಗಿದ ಮೇಲೆ ಹಡಗಿನಲ್ಲಿ ಹೋಗುವ ಅಗತ್ಯ ಯಾರಿಗೂ ಉಳಿಯಲಿಲ್ಲ. ನ್ಯೂಯಾರ್ಕಿಗೆ ನಿಯತವಾಗಿ ನಡೆಯುತ್ತಿದ್ದ ಪ್ರಯಾಣಸೇವೆ 1971ರಲ್ಲಿ ನಿಂತಿತು. ಇತ್ತ ಸರಕಿನ ಹಡಗುಗಳು ಗಾತ್ರದಲ್ಲಿ ಬೆಳೆದು, ಕಂಟೇನರುಗಳ ಯುಗ ಬಂದು, ಬಂದರಿನ ಕೆಲಸವೆಲ್ಲ ನಗರವನ್ನು ಬಿಟ್ಟು ಪಶ್ಚಿಮಕ್ಕೆ, ಸಮುದ್ರದ ಬಾಯಿಯ ಕಡೆಗೆ ಸರಿಯಿತು. ಜಗತ್ತಿನಲ್ಲೇ ಅತ್ಯಧಿಕ ಸರಕನ್ನು ಸಾಗಿಸುವ ಬಂದರೆಂದು ರಾಟರ್‌ಡ್ಯಾಮ್ 1962ರಿಂದ ದಶಕಗಳ ಕಾಲ ಖ್ಯಾತಿ ಪಡೆದಿದ್ದ ಹೊತ್ತಿನಲ್ಲಿಯೇ ಅದರ ಒಳಗಿನ ಹಡಗುಕಟ್ಟೆಗಳು ನಿರ್ಜನವಾದದ್ದು ವಿಚಿತ್ರವಾದರೂ ನಿಜ. 1984ರಲ್ಲಿ ಕಂಪನಿ ಈ ಕಟ್ಟಡವನ್ನೂ ತೊರೆಯಿತು. ಗೋದಾಮುಗಳು ಬಿದ್ದವು, ರೈಲುಹಳಿಗಳ ಮೇಲೆ ಹುಲ್ಲು ಬೆಳೆಯಿತು. ಸೇತುವೆಯಿಲ್ಲದ ಆ ಕಟ್ಟೆಗೆ ಉತ್ತರ ದಡದ ಜನ ಬರಲು ಕಾರಣವೇ ಇರಲಿಲ್ಲ.

ಹೀಗೆ ಪಾಳುಬಿದ್ದ ತಾಣದಲ್ಲಿ ಹೋಟೆಲನ್ನು ತೆರೆಯುವುದು ಸಾಹಸವೇ ಸರಿ. ಡಾನ್ ವಾನ್ ಡರ್ ಹಾವೆ, ಹಾನ್ಸ್ ಲೂಸ್, ಕಲಾವಿದೆ ಡೋರಿನ್ ಡೆ ವೋಸ್ ಎಂಬ ಮೂವರು ಆ ಸಾಹಸಕ್ಕೆ ಕೈಹಾಕಿ 1993ರಲ್ಲಿ ಹೋಟೆಲ್ ನ್ಯೂಯಾರ್ಕನ್ನು ಆರಂಭಿಸಿದರು. ಈ ದಡವನ್ನು ಉತ್ತರ ದಡಕ್ಕೆ ಜೋಡಿಸುವ ಎರಾಸ್ಮಸ್ ಸೇತುವೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಅದು ತೆರೆದದ್ದು 1996ರಲ್ಲಿ. ಅಲ್ಲಿಯವರೆಗೆ ಅತಿಥಿಗಳನ್ನು ನಗರದ ಕಡೆಯಿಂದ ಚಿಕ್ಕ ಚಿಕ್ಕ ದೋಣಿಗಳಲ್ಲಿ ನದಿ ದಾಟಿಸಿ ಕರೆತರುತ್ತಿದ್ದರು. ಸೇತುವೆ ಬಂದಮೇಲೂ ಆ ದೋಣಿಗಳು ಕಣ್ಮರೆಯಾಗಲಿಲ್ಲ; ಹಳದಿ ಕಪ್ಪು ಬಣ್ಣದ ಜಲಟ್ಯಾಕ್ಸಿಗಳಾಗಿ ಬೆಳೆದು ಈಗ ನಗರದ ನಿತ್ಯಸಂಚಾರದ ಅಂಗವೇ ಆಗಿವೆ. ಒಂದು ಹೋಟೆಲು ತನ್ನ ಅತಿಥಿಗಳಿಗಾಗಿ ಮಾಡಿಕೊಂಡ ಏರ್ಪಾಡು ಊರಿಗೆಲ್ಲ ಉಪಯೋಗಕ್ಕೆ ಬಂದ ಉದಾಹರಣೆ ಇದು.

ಹೋಟೆಲಿನಲ್ಲಿರುವ ಕೋಣೆಗಳು 72. ಅವು ಮೊದಲು ಗುಮಾಸ್ತರ, ಲೆಕ್ಕಿಗರ, ನಿರ್ದೇಶಕರ ಕೊಠಡಿಗಳಾಗಿದ್ದುದರಿಂದ ಒಂದರಂತೆ ಒಂದಿಲ್ಲ; ಒಂದಕ್ಕೆ ಎತ್ತರದ ಕಿಟಕಿಯಾದರೆ ಇನ್ನೊಂದಕ್ಕೆ ಗೋಪುರದೊಳಗಿನ ಇಕ್ಕಟ್ಟಾದ ಮೂಲೆ, ಮತ್ತೊಂದಕ್ಕೆ ಹಳೆಯ ಹಲಗೆಗೋಡೆಯ ಗಾಂಭೀರ್ಯ. ನಾನಿದ್ದ ಕೋಣೆ ನದಿಯ ಕಡೆಗಿತ್ತು. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕುಳಿತರೆ ಎದ್ದು ಹೋಗಲು ಮನಸ್ಸು ಬಾರದು. ರೈನ್ ನದಿಯಲ್ಲಿ ಜರ್ಮನಿಯವರೆಗೂ ಹೋಗಿಬರುವ ನೀಳವಾದ ಸರಕುದೋಣಿಗಳು, ಮರಳನ್ನೋ ಕಂಟೇನರುಗಳನ್ನೋ ಹೊತ್ತು ನೀರಿನ ಮಟ್ಟಕ್ಕೆ ಕುಸಿದಂತೆ ಕಾಣುತ್ತ, ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಅವುಗಳ ಹಿಂಬದಿಯನ್ನು ಗಮನಿಸಿ ನೋಡಬೇಕು. ಅಲ್ಲಿ ನಾವಿಕನ ಸಂಸಾರದ ಮನೆಯಿರುತ್ತದೆ. ಕಿಟಕಿಗಳಿಗೆ ಶುಭ್ರವಾದ ಕಸೂತಿ ಪರದೆ, ಹೊಸ್ತಿಲ ಬಳಿ ಹೂವಿನ ಕುಂಡ, ಮಗುವಿದ್ದರೆ ಆಡಲು ಬಲೆ ಕಟ್ಟಿದ ಒಂದಿಷ್ಟು ಜಾಗ, ಮಾಡಿನ ಮೇಲೆ ದಡಕ್ಕಿಳಿದಾಗ ಬೇಕಾಗುವ ಮೋಟಾರು ಕಾರು. ದೋಣಿ ಸಾಗಿಹೋದ ಎಷ್ಟೋ ಹೊತ್ತಿನ ಮೇಲೆ ಅದರ ಅಲೆ ಬಂದು ಕೆಳಗಿನ ಕಲ್ಲುಕಟ್ಟೆಗೆ ಬಡಿಯುವ ಸದ್ದು ಕೇಳುತ್ತದೆ. ರಾತ್ರಿಯೂ ಈ ಸಂಚಾರ ನಿಲ್ಲುವುದಿಲ್ಲ. ಕೆಂಪು ಹಸುರು ದೀಪಗಳು ಕತ್ತಲೆಯಲ್ಲಿ ಮೆಲ್ಲನೆ ಸರಿಯುತ್ತಿರುತ್ತವೆ. ದೊಡ್ಡ ಬಂದರು ದೂರಕ್ಕೆ ಹೋಗಿದ್ದರೂ ನದಿ ತನ್ನ ಉದ್ಯೋಗವನ್ನು ಬಿಟ್ಟಿಲ್ಲವೆಂಬ ಸಮಾಧಾನ ಅಲ್ಲಿ ಕುಳಿತವನಿಗೆ ದೊರೆಯುತ್ತದೆ.

ನೆಲದಂತಸ್ತಿನ ಭೋಜನಶಾಲೆ ವಿಶಾಲವಾದುದು. ಅಲ್ಲಿಗೆ ತಂಗಿದವರಷ್ಟೇ ಅಲ್ಲದೆ ಊರಿನವರೂ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಭಾನುವಾರದ ಊಟಕ್ಕೋ ಒಂದು ಬಟ್ಟಲು ಕಾಫಿಗೋ ಬರುತ್ತಾರೆ. ಹೋಟೆಲಿನ ಖ್ಯಾತಿ ಸಿಂಪಿಗಳ ಭೋಜನಕ್ಕೆ. ಸಸ್ಯಾಹಾರಿಗಳು ರೊಟ್ಟಿ, ಗಿಣ್ಣು, ತರಕಾರಿಗಳಿಂದ ತೃಪ್ತರಾಗಬಹುದು. ಆದರೆ ಡಚ್ಚರ ಬಟಾಣಿ ಸೂಪಿನ ಹೆಸರನ್ನು ಕೇಳಿ ಮೋಸಹೋಗಬಾರದು. ಅದರಲ್ಲಿ ಹಂದಿಯ ಮಾಂಸ ಹಾಕುವುದು ಅಲ್ಲಿಯ ವಾಡಿಕೆ.

ಹೊರಗೆ ನಡೆದರೆ ಇತಿಹಾಸ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಇದೇ ಕಟ್ಟೆಯ ಮೇಲೆ ಕೆನಡದ ಕಲಾವಿದ ಜೆಫ್ ವಾಲ್ 2001ರಲ್ಲಿ ನಿರ್ಮಿಸಿದ ಶಿಲ್ಪವೊಂದಿದೆ: ಕಪಾಟುಗಳ ಸಾಲಿನಲ್ಲಿ ಯಾರೋ ಬಿಟ್ಟುಹೋದ ಪೆಟ್ಟಿಗೆ, ಗಂಟುಮೂಟೆಗಳು, ಎಲ್ಲವೂ ಲೋಹದಲ್ಲಿ ಎರಕ ಹೊಯ್ದವು. ರೈನ್‌ಹಾವನ್ನಿನ ಮೇಲಿನ ಕಾಲುಸೇತುವೆಯನ್ನು ದಾಟಿದರೆ ಕಾಟನ್‌ಡ್ರೆಖ್ಟ್ ಎಂಬ ಹಳೆಯ ನಾವಿಕರ ಕೇರಿ. ಹಿಂದೆ ಇದೇ ಕಂಪನಿಗಾಗಿ ಕಟ್ಟಿದ ಅಲ್ಲಿಯ ಮಹಾಗೋದಾಮಿನಲ್ಲಿ 2025ರ ಮೇ ತಿಂಗಳಲ್ಲಿ ‘ಫೀನಿಕ್ಸ್’ ಎಂಬ ವಲಸೆಯ ವಸ್ತುಸಂಗ್ರಹಾಲಯ ತೆರೆದಿದೆ. ಜನರು ಕೊಡುಗೆಯಾಗಿ ಇತ್ತ 2,000 ಸೂಟ್‌ಕೇಸುಗಳನ್ನು ಅಲ್ಲಿ ಚಕ್ರವ್ಯೂಹದಂತೆ ಜೋಡಿಸಿದ್ದಾರೆ. ಇನ್ನಷ್ಟು ಮುಂದೆ, 1959ರಲ್ಲಿ ಸಂಚಾರಕ್ಕೆ ಬಂದ ‘ರಾಟರ್‌ಡ್ಯಾಮ್’ ಎಂಬ ಹಡಗು ಶಾಶ್ವತವಾಗಿ ಲಂಗರು ಹಾಕಿದೆ. ಕಂಪನಿಯಾದರೂ ಅಳಿದಿಲ್ಲ. ಅಮೆರಿಕದ ಸಿಯಾಟಲ್ ನಗರದಿಂದ ವ್ಯವಹರಿಸುವ ಅದು, ಪ್ರಥಮ ಪಯಣದ 150ನೆಯ ವಾರ್ಷಿಕೋತ್ಸವಕ್ಕೆಂದು 2022ರ ಅಕ್ಟೋಬರ್ 15ರಂದು ‘ರಾಟರ್‌ಡ್ಯಾಮ್’ ಎಂಬ ಹೆಸರಿನದೇ ಹೊಸ ಹಡಗನ್ನು ಇಲ್ಲಿಂದ ನ್ಯೂಯಾರ್ಕಿಗೆ ಕಳುಹಿಸಿತು.

ಹಳೆಯ ಕಟ್ಟಡಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡೇ ದಾರಿಗಳನ್ನು ಕಾಣುತ್ತೇವೆ: ಉಪಯೋಗವಿಲ್ಲವೆಂದು ಕೆಡಹುವುದು, ಇಲ್ಲವೆ ಬೇಲಿ ಹಾಕಿ ಫಲಕ ನೆಟ್ಟು ದೂರದಿಂದ ನಮಸ್ಕರಿಸುವುದು. ಮೊದಲನೆಯದರಲ್ಲಿ ನೆನಪು ಒಮ್ಮೆಗೇ ನಾಶವಾದರೆ ಎರಡನೆಯದರಲ್ಲಿ ಬಾಗಿಲು ಮುಚ್ಚಿದ ಮನೆಯ ಮಾಡು ಸೋರಿ, ಮರ ಲಡ್ಡಾಗಿ, ಕ್ರಮೇಣ ನಾಶವಾಗುತ್ತದೆ. ರಾಟರ್‌ಡ್ಯಾಮಿನವರು ಮೂರನೆಯ ದಾರಿಯನ್ನು ಹಿಡಿದರು. ಕಟ್ಟಡದ ಸ್ವಭಾವಕ್ಕೆ ಒಗ್ಗುವ ಹೊಸ ಉದ್ಯೋಗವೊಂದನ್ನು ಅದಕ್ಕೆ ಕೊಟ್ಟರು; ಪ್ರಯಾಣಿಕರನ್ನು ಸಾಗಿಸುತ್ತಿದ್ದ ಮನೆ ಪ್ರಯಾಣಿಕರನ್ನು ಇಳಿಸಿಕೊಳ್ಳುವ ಮನೆಯಾಯಿತು. ಅದು ದಿನನಿತ್ಯ ಸಂಪಾದಿಸುವುದರಿಂದ ಅದರ ಮಾಡು ಸೋರುವುದಿಲ್ಲ. ನೂರಾರು ಜನ ದಿನವೂ ಹಾಯುವುದರಿಂದ ಅದರ ಕಥೆ ಮರೆಯಾಗುವುದಿಲ್ಲ. ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸರ್ಕಾರ ಘೋಷಿಸಿದ್ದು ಹೋಟೆಲು ಬೇರೂರಿದ ನಂತರ ಎಂಬುದು ಗಮನಾರ್ಹ. ಅರಮನೆಗಳೂ ದೇವಾಲಯಗಳೂ ಅಲ್ಲದ ಕಛೇರಿ, ಗೋದಾಮು, ಗಿರಣಿಗಳಿಗೂ ಇಂಥ ಗೌರವ ಸಲ್ಲಬೇಕು. ಸಾಮಾನ್ಯ ಜನರ ಚರಿತ್ರೆ ನಡೆದದ್ದು ಅವುಗಳಲ್ಲಿಯೇ.

ಇಂದು ನಮ್ಮವರಲ್ಲಿ ಅನೇಕರು ಉದ್ಯೋಗಕ್ಕೆಂದು ನೆದರ್‌ಲ್ಯಾಂಡ್ಸಿನಲ್ಲಿ ನೆಲೆಸಿದ್ದಾರೆ. ಮಕ್ಕಳನ್ನು ನೋಡಲು ಇಲ್ಲಿಂದ ಹೋಗುವ ತಂದೆತಾಯಿಗಳೂ ಬಹಳ. ಆಮ್‌ಸ್ಟರ್‌ಡ್ಯಾಮಿನ ವಿಮಾನನಿಲ್ದಾಣದಿಂದ ವೇಗದ ರೈಲಿನಲ್ಲಿ ರಾಟರ್‌ಡ್ಯಾಮಿಗೆ ಸುಮಾರು ಅರ್ಧ ಗಂಟೆಯ ಹಾದಿ. ಟ್ಯೂಲಿಪ್ ತೋಟಗಳನ್ನೂ ಗಾಳಿಗಿರಣಿಗಳನ್ನೂ ನೋಡಿಯಾದ ಮೇಲೆ ಒಂದು ದಿನವನ್ನು ಈ ಕಟ್ಟೆಗೂ ಮೀಸಲಿಡಿರೆಂದು ಓದುಗರಲ್ಲಿ ನನ್ನ ವಿನಂತಿ. ಕೋಣೆ ಹಿಡಿಯಲು ಅನುಕೂಲವಿಲ್ಲದವರು ಒಂದು ಬಟ್ಟಲು ಕಾಫಿಗಾದರೂ ಹೋಗಬಹುದು. ಹೋಗುವಾಗ ಸಾಧ್ಯವಾದರೆ ಸೇತುವೆಯ ಮೇಲಿನ ಟ್ರಾಮನ್ನು ಬಿಟ್ಟು ಜಲಟ್ಯಾಕ್ಸಿಯನ್ನೇ ಹಿಡಿಯಿರಿ; ಆ ಕಟ್ಟಡವನ್ನು ನೀರಿನ ಕಡೆಯಿಂದ ನೋಡಬೇಕೆಂದೇ ಕಟ್ಟಿದ್ದಾರೆ.