ಬೈರಮಂಗಲಕ್ಕೂ ತುರ್ಕಿಯ ಹಬ್ಬಕ್ಕೂ ಏನು ನಂಟು?

ತುರ್ಕಿ ಭಾಷೆಯಲ್ಲಿ ‘ಬೈರಮ್’ ಎಂದರೆ ಹಬ್ಬ. ಬಿಡದಿಯ ಬಳಿ, ವೃಷಭಾವತಿಗೆ ಕೆರೆ ಕಟ್ಟಿದ ಊರು ಬೈರಮಂಗಲ. ಎರಡನ್ನೂ ಜೋಡಿಸಿ ‘ಹಬ್ಬದ ಊರು’ ಎಂದು ಕಥೆ ಕಟ್ಟುವುದು ಸುಲಭ. ಆದರೆ ಹೆಸರನ್ನು ಒಡೆಯಬೇಕಾದ ಕಡೆ ಒಡೆದರೆ ಸಿಗುವುದು ‘ಬೈರ’ ಮತ್ತು ‘ಮಂಗಲ’. ಬೈರ ಎಂಬುದು ಭೈರವನ ತದ್ಭವ. ಮಂಗಲ ಎಂಬುದು ನಮ್ಮ ಕಡೆಯ ಎಷ್ಟೋ ಊರುಗಳ ಹೆಸರಿನ ಕೊನೆ. ಇಲ್ಲಿರುವುದು ಬರೀ ಆಕಸ್ಮಿಕ ಹೋಲಿಕೆ.

ಹಾಗೆಂದು ತುರ್ಕಿ ಮೂಲದ ಪದಗಳು ಈ ಸೀಮೆಗೆ ಬಂದೇ ಇಲ್ಲವೆಂದಲ್ಲ. ಚಾಕು, ತುಪಾಕಿ, ಬಹದ್ದೂರ್ ಇವೆಲ್ಲ ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಸೇರಿದವು. ಖಜಾಂಚಿಯಲ್ಲಿ ಖಜಾನೆ ಅರಬ್ಬಿಯದು, ಕೆಲಸಗಾರನನ್ನು ಸೂಚಿಸುವ ‘ಚಿ’ ತುರ್ಕಿಯದು. ಗುಂಡು ಹಾರಿಸುವ ತೋಪು ತುರ್ಕಿಯ ‘ಟೊಪ್’. ರಾಮನಗರದ ಮಾವಿನ ತೋಪು ಮಾತ್ರ ತಮಿಳು, ತೆಲುಗುಗಳಲ್ಲೂ ಇರುವ ಬೇರೆಯದೇ ಪದ.

ಪದ ಕಟ್ಟುವ ಬಗೆಯಲ್ಲೂ ಹೋಲಿಕೆ ಇದೆ. ನಾವು ಮನೆ-ಗಳ-ಲ್ಲಿ ಎನ್ನುತ್ತೇವೆ; ತುರ್ಕರು ‘ಎವ್-ಲೆರ್-ದೆ’ ಎನ್ನುತ್ತಾರೆ. ಮನೆ, ಬಹುವಚನ, ವಿಭಕ್ತಿ: ಅದೇ ಕ್ರಮ. ಯುರಾಲಿಕ್ ಕುಟುಂಬದ ಫಿನ್ನಿಶ್, ಹಂಗೇರಿಯನ್ ಭಾಷೆಗಳೂ ಹೀಗೆ ಪ್ರತ್ಯಯ ಪೋಣಿಸುತ್ತವೆ. ಇದನ್ನು ಗಮನಿಸಿಯೇ ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳಿಗೆ ಆ ಕಡೆಯ ನಂಟು ಹೇಳಿದರು. 1940ರ ದಶಕದಲ್ಲಿ ಥಾಮಸ್ ಬರೋ ಯುರಾಲಿಕ್ ಪದಗಳನ್ನು ನಮ್ಮವುಗಳ ಪಕ್ಕಕ್ಕಿಟ್ಟು ನೋಡಿದರು.

ರಕ್ತಸಂಬಂಧಕ್ಕೆ ಇಷ್ಟು ಸಾಲದು. ಧ್ವನಿ ಬದಲಾವಣೆ ಒಂದೇ ನಿಯಮದಂತೆ ಪದದಿಂದ ಪದಕ್ಕೆ ಸಾಗಬೇಕು. ಹಳಗನ್ನಡದ ಪಾಲ್, ಪುಲಿ, ಪಲ್ ಇಂದು ಹಾಲು, ಹುಲಿ, ಹಲ್ಲು. ತಮಿಳಿನಲ್ಲಿ ‘ಪ’ ಹಾಗೇ ಉಳಿದಿದೆ. ಯುರಾಲಿಕ್‌ನಲ್ಲೂ ಇಂಥದ್ದೇ ಆಗಿದೆ: ಮರಕ್ಕೆ ಫಿನ್ನಿಶ್ ‘ಪೂ’, ಹಂಗೇರಿಯನ್ ‘ಫಾ’, ಗೂಡಿಗೆ ‘ಪೆಸ್ಯಾ’, ‘ಫೇಸೆಕ್’. 1769ರಲ್ಲಿ ಶುಕ್ರ ಸಂಕ್ರಮಣ ನೋಡಲು ನಾರ್ವೆಯ ತುದಿಗೆ ಹೋದ ಹಂಗೇರಿಯ ಶಾಯ್ನೋವಿಚ್, ಅಲ್ಲಿನ ಸಾಮಿ ಭಾಷೆಗೂ ತನ್ನ ನುಡಿಗೂ ಇರುವ ನಂಟನ್ನು ಗುರುತಿಸಿ ಮರುವರ್ಷ ಪುಸ್ತಕ ಪ್ರಕಟಿಸಿದ.

ಫಿನ್ನಿಶ್ ‘ಪೂ’ ಮರವಾದರೆ ತಮಿಳಿನ ‘ಪೂ’ ಹೂವು. ಕಿವಿಗೆ ಇದಕ್ಕಿಂತ ಹತ್ತಿರದ ಜೋಡಿ ಬೇಕಿಲ್ಲ; ಆದರೆ ಇದರ ಬೆನ್ನಿಗೆ ನಿಯಮಬದ್ಧ ಪದಗಳ ಸಾಲು ನಿಲ್ಲುವುದಿಲ್ಲ. ಆ ಸಾಲು ಸಿಗದ ಕಾರಣ ಹೆಚ್ಚಿನ ಭಾಷಾವಿಜ್ಞಾನಿಗಳು ಕಾಲ್ಡ್‌ವೆಲ್ ಹೇಳಿದ ನಂಟನ್ನು ಇಂದಿಗೂ ಒಪ್ಪಿಲ್ಲ.