ರಾಜಕುಮಾರನ ರಕ್ತ, ದಾರಿ ತಪ್ಪಿದ ಕತ್ತರಿ

ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಸ್‌ಗೆ ನಾಲ್ಕು ಹೆಣ್ಣುಮಕ್ಕಳಾದ ಮೇಲೆ 1904ರಲ್ಲಿ ಗಂಡುಮಗು ಹುಟ್ಟಿತು. ಹೆಸರು ಅಲೆಕ್ಸಿ. ಅರಮನೆಯ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಮಗುವಿನ ಹೊಕ್ಕುಳಿನಿಂದ ರಕ್ತ ಸೋರತೊಡಗಿತು, ಬೇಗ ನಿಲ್ಲಲೇ ಇಲ್ಲ. ಮುಂದೆ ಆಡುವ ವಯಸ್ಸಿನಲ್ಲಿ ಮೊಣಕಾಲು ಎಲ್ಲಾದರೂ ತಗುಲಿದರೆ ಸಾಕು, ಒಳಗೇ ರಕ್ತ ತುಂಬಿ ಊದಿಕೊಂಡು ಹುಡುಗ ನೋವಿನಿಂದ ಚೀರುತ್ತಿದ್ದ. 1912ರಲ್ಲಂತೂ ಅವನು ಬದುಕುವುದಿಲ್ಲವೆಂದು ಅಂತಿಮ ಪ್ರಾರ್ಥನೆಯನ್ನೂ ಮಾಡಿಸಿಬಿಟ್ಟಿದ್ದರು. ಹೇಗೋ ಚೇತರಿಸಿಕೊಂಡ.

ಆ ಕಾಯಿಲೆಯ ಹೆಸರು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮರೋಗ ಎನ್ನುತ್ತೇವೆ. ಗಾಯವಾದರೆ ನಮ್ಮ ರಕ್ತ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ, ಇವರಲ್ಲಿ ಹಾಗಾಗುವುದಿಲ್ಲ. ಅಲೆಕ್ಸಿಗೆ ಇದು ಬಂದದ್ದು ಮುತ್ತಜ್ಜಿಯ ಕಡೆಯಿಂದ. ಆ ಮುತ್ತಜ್ಜಿ ಬೇರೆ ಯಾರೂ ಅಲ್ಲ, ಹಿಂದೆ ನಮ್ಮ ದೇಶವನ್ನೂ ಆಳಿದ್ದ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ. ಆಕೆ ಆರೋಗ್ಯವಾಗಿಯೇ ಇದ್ದಳು. ಆದರೆ ಮಗ ಲಿಯೊಪೋಲ್ಡ್ 1884ರಲ್ಲಿ ಜಾರಿ ಬಿದ್ದು ಇದೇ ಕಾಯಿಲೆಯಿಂದ ತೀರಿಕೊಂಡ. ಹೆಣ್ಣುಮಕ್ಕಳ ಮೂಲಕ ಕಾಯಿಲೆ ರಷ್ಯ, ಸ್ಪೇನ್, ಜರ್ಮನಿಯ ರಾಜಮನೆತನಗಳಿಗೂ ಹೋಯಿತು.

ರಾಣಿಯ ವಂಶದಲ್ಲಿ ಕೆಟ್ಟಿದ್ದು ಏನು? ಇದು ಗೊತ್ತಾಗಲು 2009ರವರೆಗೆ ಕಾಯಬೇಕಾಯಿತು. ಗೊತ್ತಾದಾಗ, ತಪ್ಪು ಇದ್ದದ್ದು ಯಾರೂ ಸುಲಭವಾಗಿ ಅನುಮಾನಿಸದ ಜಾಗದಲ್ಲಿ.

ಬೇಕಾದದ್ದು, ಬೇಡವಾದದ್ದು

ಮಕ್ಕಳೇ, ನಮ್ಮ ದೇಹ ಪ್ರೋಟೀನುಗಳನ್ನು ತಯಾರಿಸುವುದು ಜೀನ್‌ಗಳಲ್ಲಿ ಬರೆದಿರುವ ಸೂಚನೆ ಓದಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ ಅದು. ಮೂರು ಮೂರು ಅಕ್ಷರ ಸೇರಿದರೆ ಒಂದು ಪದ. ಆದರೆ ಬರಹದ ನಡುನಡುವೆ ಪ್ರೋಟೀನಿಗೆ ಬೇಡವಾದ ಉದ್ದುದ್ದ ಭಾಗಗಳಿರುತ್ತವೆ. ಬೇಕಾದ ತುಂಡಿಗೆ ಎಕ್ಸಾನ್, ಬೇಡವಾದ ತುಂಡಿಗೆ ಇಂಟ್ರಾನ್ ಎಂದು ಹೆಸರು. ಜೀವಕೋಶ ಮೊದಲು ಇಡೀ ಬರಹವನ್ನು ಆರ್‌ಎನ್‌ಎ ಎಂಬ ಪ್ರತಿಯಾಗಿ ಇಳಿಸಿಕೊಳ್ಳುತ್ತದೆ. ಆಮೇಲೆ ಇಂಟ್ರಾನ್‌ಗಳನ್ನು ಕತ್ತರಿಸಿ ಎಸೆದು, ಎಕ್ಸಾನ್‌ಗಳನ್ನು ಜೋಡಿಸುತ್ತದೆ. ಇದೇ ಸ್ಪ್ಲೈಸಿಂಗ್. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ಪ್ರಯೋಗಾಲಯಗಳು 1977ರಲ್ಲಿ ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದವು. 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಈ ಸಾಲು ಓದಿ:

ಕಮಲ ಶಾಲೆಗೆ ಪಟಪಟಗರ ನಡೆದು ಬಂದಳು.

ಇಲ್ಲಿ ಎಲ್ಲ ಪದಗಳಿಗೂ ಮೂರೇ ಅಕ್ಷರ. ನಡುವಿನ ‘ಪಟಪಟಗರ’ ಅರ್ಥವಿಲ್ಲದ ಇಂಟ್ರಾನ್. ಅದನ್ನು ಪೂರ್ತಿ ಕತ್ತರಿಸಿದರೆ ‘ಕಮಲ ಶಾಲೆಗೆ ನಡೆದು ಬಂದಳು’. ಸರಿಯಾಯಿತು. ಕತ್ತರಿ ಎರಡೇ ಅಕ್ಷರ ಮೊದಲು ನಿಂತು ‘ಗರ’ ಉಳಿದುಬಿಟ್ಟರೆ? ಮೂರು ಮೂರಾಗಿ ಓದಿ ನೋಡಿ:

ಕಮಲ ಶಾಲೆಗೆ ಗರನ ಡೆದುಬಂ ದಳು.

ಉಳಿದದ್ದು ಎರಡಕ್ಷರ, ಕೆಟ್ಟದ್ದು ಅಲ್ಲಿಂದ ಮುಂದಿನ ಎಲ್ಲ ಪದಗಳೂ!

ಮೂಳೆ ಹೇಳಿದ ಕಥೆ

ಅಲೆಕ್ಸಿಗೆ ಆಗಿದ್ದೂ ಇದೇ. 1918ರಲ್ಲಿ ಕ್ರಾಂತಿಕಾರಿಗಳು ಚಕ್ರವರ್ತಿಯ ಇಡೀ ಕುಟುಂಬವನ್ನು ಕೊಂದರು. ಅಲೆಕ್ಸಿ ಮತ್ತು ಅವನ ಒಬ್ಬ ಅಕ್ಕನ ಸುಟ್ಟ ಮೂಳೆಯ ಚೂರುಗಳು ಸಿಕ್ಕಿದ್ದು 2007ರಲ್ಲಿ. ಎವ್ಗೆನಿ ರೊಗಾಯೆವ್ ಎಂಬ ವಿಜ್ಞಾನಿಯ ತಂಡ ಆ ಚೂರುಗಳಿಂದ ಡಿಎನ್‌ಎ ತೆಗೆದು, ರಕ್ತ ಹೆಪ್ಪುಗಟ್ಟಲು ಬೇಕಾದ ‘ಫ್ಯಾಕ್ಟರ್ 9’ ಪ್ರೋಟೀನಿನ ಜೀನನ್ನು ಓದಿತು. ಆ ಜೀನಿನ ಉದ್ದ ಸುಮಾರು 33 ಸಾವಿರ ಅಕ್ಷರ. ಪ್ರೋಟೀನಿಗೆ ಬೇಕಾದದ್ದು ಸುಮಾರು 1,400 ಮಾತ್ರ. ಆ 1,400ರಲ್ಲಿ ದೋಷ ಕಾಣಲಿಲ್ಲ. ದೋಷವಿದ್ದದ್ದು ಮೂರನೆಯ ಇಂಟ್ರಾನಿನ ಕೊನೆಯಲ್ಲಿ, ನಾಲ್ಕನೆಯ ಎಕ್ಸಾನ್ ಶುರುವಾಗಲು ಮೂರಕ್ಷರ ಇರುವಾಗ. ಅಲ್ಲಿ ‘ಎ’ ಇರಬೇಕಾದ ಕಡೆ ‘ಜಿ’ ಇತ್ತು.

ಇಂಟ್ರಾನ್ ಮುಗಿಯುವ ಜಾಗವನ್ನು ಜೀವಕೋಶ ‘ಎ-ಜಿ’ ಜೋಡಿಯಿಂದ ಗುರುತಿಸುತ್ತದೆ. ಈ ಒಂದು ಅಕ್ಷರ ಬದಲಾಗಿ, ಎರಡಕ್ಷರ ಮೊದಲೇ ಒಂದು ಸುಳ್ಳು ‘ಎ-ಜಿ’ ಹುಟ್ಟಿಕೊಂಡಿತ್ತು. ಕತ್ತರಿ ಅಲ್ಲೇ ನಿಂತಿತು. ತಾಯಿ ಅಲೆಕ್ಸಾಂಡ್ರಾಳ ಮೂಳೆಯಲ್ಲಿ ಸರಿಯಾದ ಪ್ರತಿಯೂ ಇತ್ತು, ತಪ್ಪಿನ ಪ್ರತಿಯೂ ಇತ್ತು. ಒಂದು ಸರಿಯಿದ್ದುದರಿಂದ ಆಕೆಗೆ ಕಾಯಿಲೆಯಿಲ್ಲ. ಗಂಡುಮಕ್ಕಳಲ್ಲಿ ಈ ಜೀನಿನ ಪ್ರತಿ ಒಂದೇ. ಅಲೆಕ್ಸಿಯ ಪಾಲಿಗೆ ತಪ್ಪಿನದು ಬಂದಿತ್ತು.

ನಮ್ಮ ಮನೆಗಳಲ್ಲೂ

ಇದು ರಾಜರ ಮನೆಯ ಮಾತು ಎಂದುಕೊಳ್ಳಬೇಡಿ. ತಿಂಗಳು ತಿಂಗಳೂ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಮಕ್ಕಳನ್ನು ನೀವು ನೋಡಿರಬಹುದು. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಸಾಮಾನ್ಯ ಕಾರಣವೂ ಇಂಥದೇ: ಹಿಮೋಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೆಯ ಅಕ್ಷರ ‘ಜಿ’ ಹೋಗಿ ‘ಸಿ’ ಆಗಿರುತ್ತದೆ.

ಇಂಥ ತಪ್ಪುಗಳು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದೂ ಉಂಟು. ಸಾಮಾನ್ಯವಾಗಿ ಮಾಡುವ ಜೀನ್ ಪರೀಕ್ಷೆ ಮುಖ್ಯವಾಗಿ ಎಕ್ಸಾನ್‌ಗಳನ್ನು ಓದುತ್ತದೆ. ತಪ್ಪು ಇಂಟ್ರಾನಿನ ಆಳದಲ್ಲಿದ್ದರೆ ವರದಿಯಲ್ಲಿ ‘ಏನೂ ಕಾಣಲಿಲ್ಲ’ ಎಂದು ಬರುತ್ತದೆ, ಮಗುವಿನ ಕಷ್ಟ ಮಾತ್ರ ಹಾಗೆಯೇ ಇರುತ್ತದೆ. ಅದಕ್ಕೇ ಈಗ ವಿಜ್ಞಾನಿಗಳು ಕತ್ತರಿಸಿ ಜೋಡಿಸಿದ ಆರ್‌ಎನ್‌ಎಯನ್ನೇ ಓದುತ್ತಾರೆ. ಹೊಲಿದ ಅಂಗಿಯನ್ನೇ ತೊಟ್ಟು ನೋಡಿದ ಹಾಗೆ, ಎಲ್ಲಿ ತಪ್ಪಿದೆಯೆಂದು ಗೊತ್ತಾಗುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ನಾಯು ಕಾಯಿಲೆಯಿದ್ದು ಹಳೆಯ ಪರೀಕ್ಷೆಗಳಲ್ಲಿ ಕಾರಣ ಸಿಗದಿದ್ದ 50 ಮಂದಿಯ ಸ್ನಾಯುವಿನ ಆರ್‌ಎನ್‌ಎ ಓದಿದರು. ಮೂರರಲ್ಲೊಂದು ಪಾಲಿನಷ್ಟು ಜನರಿಗೆ ಉತ್ತರ ಸಿಕ್ಕಿತು.

ಉತ್ತರ ಸಿಕ್ಕರೆ ಕೆಲವೊಮ್ಮೆ ಮದ್ದಿಗೂ ದಾರಿಯಾಗುತ್ತದೆ. ಅಮೆರಿಕದ ಒಬ್ಬ ಪುಟ್ಟ ಹುಡುಗಿಗೆ ಬ್ಯಾಟನ್ ಕಾಯಿಲೆಯಿತ್ತು. ನೋಟ, ಮಾತು, ನಡಿಗೆ ಒಂದೊಂದೇ ಹೋಗುತ್ತಿದ್ದವು. ಬೋಸ್ಟನ್ ಮಕ್ಕಳ ಆಸ್ಪತ್ರೆಯ ಡಾ. ತಿಮೋತಿ ಯು ಅವರ ತಂಡ ಇಂಟ್ರಾನಿನಲ್ಲಿ ಅಡಗಿದ್ದ ತಪ್ಪನ್ನು ಹುಡುಕಿ, ಸುಳ್ಳು ಗುರುತನ್ನು ಮುಚ್ಚುವ ಔಷಧಿಯನ್ನು ಅವಳೊಬ್ಬಳಿಗಾಗಿಯೇ ತಯಾರಿಸಿತು. ಅದಕ್ಕೆ ಅವಳ ಹೆಸರಿನಿಂದಲೇ ‘ಮಿಲಾಸೆನ್’ ಎಂದು ಹೆಸರಿಟ್ಟರು. 2018ರಲ್ಲಿ ಮದ್ದು ಶುರುವಾಯಿತು, ಫಿಟ್ಸ್ ಕಡಿಮೆಯಾದವು. ಆದರೆ ಅಷ್ಟರಲ್ಲಿ ಕಾಯಿಲೆ ಬಹಳ ಮುಂದುವರಿದಿತ್ತು. 2021ರಲ್ಲಿ ಅವಳು ತೀರಿಕೊಂಡಳು. ಬೇಗ ಪತ್ತೆಯಾಗುವುದು ಎಷ್ಟು ಮುಖ್ಯ ಎಂಬುದು ಇದರಿಂದಲೇ ತಿಳಿಯುತ್ತದೆ.

ಅಜ್ಜ-ಅಜ್ಜಿಯರಿಗೆ ಎರಡು ಮಾತು. ಮಗುವಿಗೆ ಇಂಥ ಕಾಯಿಲೆ ಬಂದರೆ ಸೊಸೆಯನ್ನೋ ಅವಳ ತವರನ್ನೋ ದೂರಬೇಡಿ. ಕೋಟಿಗಟ್ಟಲೆ ಅಕ್ಷರಗಳಲ್ಲಿ ಒಂದು ಬದಲಾದರೆ ಅದು ಯಾರ ಪಾಪವೂ ಅಲ್ಲ, ರಾಣಿಗೇ ತಪ್ಪಲಿಲ್ಲ. ಇನ್ನೊಂದು, ನಿಮ್ಮ ನೆನಪೇ ವೈದ್ಯರಿಗೆ ದೊಡ್ಡ ದಾಖಲೆ. ವಂಶದಲ್ಲಿ ಯಾವ ಮಗು ಚಿಕ್ಕದರಲ್ಲೇ ಹೋಯಿತು, ಯಾರಿಗೆ ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ ಎಂಬುದನ್ನು ಮೊಮ್ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಹಳೆಯ ವರದಿಗಳನ್ನು ಎಸೆಯಬೇಡಿ. ಮೊದಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದರೆ, ಒಂದೆರಡು ವರ್ಷ ಬಿಟ್ಟು ಅನುವಂಶೀಯ ಕಾಯಿಲೆಗಳ ತಜ್ಞರನ್ನು ಮತ್ತೊಮ್ಮೆ ಕೇಳಿ.