ಧ್ವನಿಮುದ್ರಿಕೆಯೊಂದು ಚರಿತ್ರೆಯ ಆಕರವಾಗಿ

ಸರ್ಕಾರದ ಕಡತಗಳಲ್ಲಿ ಅಪರಾಧಿಗಳೆಂದೋ ಫಲಾನುಭವಿಗಳೆಂದೋ ಮಾತ್ರ ಕಾಣಿಸಿಕೊಳ್ಳುವ ಜನರ ಸ್ವಂತ ಮಾತನ್ನು ಚರಿತ್ರಕಾರನು ಎಲ್ಲಿ ಅರಸಬೇಕು? 1993ರ ನವೆಂಬರಿನಲ್ಲಿ ಹೊರಬಂದ ‘ಎಂಟರ್ ದ ವೂ-ಟ್ಯಾಂಗ್ (36 ಛೇಂಬರ್ಸ್)’ ಎಂಬ ಧ್ವನಿಮುದ್ರಿಕೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದಾಗಿದೆ. ಇದನ್ನು ರಚಿಸಿದವರು ನ್ಯೂಯಾರ್ಕಿನ ಸ್ಟೇಟನ್ ದ್ವೀಪವನ್ನು ನೆಲೆಯಾಗಿಸಿಕೊಂಡ ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಒಂಬತ್ತು ಮಂದಿ ಕರಿಯ ತರುಣರ ತಂಡ.

ತಂಡದ ನಾಯಕನಾದ ರಿಜಾ ಹಳೆಯ ಮುದ್ರಿಕೆಗಳಿಂದ ತುಣುಕುಗಳನ್ನೆತ್ತಿ, ಅವು ಮತ್ತೆ ಮತ್ತೆ ಮರಳಿ ಬರುವಂತೆ ಹೆಣೆದನು. ‘ಕ್ರೀಮ್’ ಎಂಬ ಗೀತೆಗೆ ಆಧಾರವಾದುದು ಚಾರ್ಮೆಲ್ಸ್ ಎಂಬ ಗಾಯಕಿಯರ ತಂಡದ 1967ರ ಪ್ರೇಮಗೀತೆ. ಆ ಪಿಯಾನೋ ಸ್ವರಗಳ ಮೇಲೆ ರೇಕ್ವಾನ್, ಇನ್‌ಸ್ಪೆಕ್ಟಾ ಡೆಕ್ ಇಬ್ಬರೂ ಬಡತನ, ಮಾದಕವಸ್ತುಗಳ ವ್ಯಾಪಾರ, ಸೆರೆವಾಸಗಳನ್ನು ನುಡಿಯುತ್ತಾರೆ. ಒಂದು ತಲೆಮಾರಿನ ಪ್ರಣಯವು ಮುಂದಿನ ತಲೆಮಾರಿನ ಅಳಲಿಗೆ ಶ್ರುತಿಯಾದುದನ್ನು ಕಾಲಾನುಕ್ರಮಣಿಕೆಯನ್ನೇ ನೆಚ್ಚಿರುವ ನಮ್ಮಂಥವರು ಗಮನಿಸತಕ್ಕದ್ದು. ಇನ್ನು, ಹೆಸರಿನಲ್ಲಿರುವ ‘36’ ಎಂಬುದು 1978ರ ಹಾಂಗ್‌ಕಾಂಗ್ ಚಲನಚಿತ್ರವೊಂದರಿಂದ ಬಂದುದು. ತಮ್ಮ ದ್ವೀಪವನ್ನೇ ಅವರು ‘ಶಾವೊಲಿನ್’ ಎಂದು ಕರೆದುಕೊಂಡರು.

ಇಲ್ಲಿ ‘ನಾನು’ ಎಂದು ನುಡಿದುದೆಲ್ಲ ಸಾಕ್ಷಿಯ ಹೇಳಿಕೆಯಾಗದು. ಬಡಾಯಿಯೂ ಉತ್ಪ್ರೇಕ್ಷೆಯೂ ಈ ಪ್ರಕಾರದ ಲಕ್ಷಣಗಳೇ. ಹಿಂಸೆಯ ವರ್ಣನೆಯಲ್ಲಿ ಅವರಿಗಿರುವ ಉತ್ಸಾಹವು ನನಗೆ ಹಲವೆಡೆ ಅಸಹನೀಯವೆನಿಸಿತು. ಆದಾಗ್ಯೂ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು 2022ರಲ್ಲಿ ಇದನ್ನು ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಸೇರಿಸಿಕೊಂಡುದು ಸರಿಯೇ.

ಗೀತೆಗಳೊಡನೆ ಅವರ ಕರಾರನ್ನೂ ಓದಬೇಕು. ತಂಡವು ಲೌಡ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರೂ, ಸದಸ್ಯರು ಪ್ರತ್ಯೇಕವಾಗಿ ಬೇರೆ ಸಂಸ್ಥೆಗಳಿಗೆ ಹಾಡುವ ಹಕ್ಕನ್ನು ಉಳಿಸಿಕೊಂಡಿತು. 1994ರಲ್ಲಿ ಮೆಥಡ್ ಮ್ಯಾನನ ಮೊದಲ ಸ್ವತಂತ್ರ ಮುದ್ರಿಕೆ ಹೊರಬಂದುದು ಡೆಫ್ ಜ್ಯಾಮ್ ಸಂಸ್ಥೆಯಿಂದ.